ಕೊಟ್ಟಿಗೆಯ ಹಿರಿಯ ತಾಯಂದಿರು: ಕಾಯಿಲೆ, ಕೊರೊನಾ ಮತ್ತು ಮನಸ್ಸು

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ನಾನು ಮಾತನಾಡುವುದನ್ನು ತಾವು ಹಲವು ಸಲ ಕೇಳಿದ್ದೀರಿ. ಇಂದಿನ ವಿಷಯ ಬೇರೆ. ಸಕ್ಕರೆ ಕಾಯಿಲೆ, ಬಿ.ಪಿ., ಉಬ್ಬಸ, ಮಂಡಿ ನೋವು ಮುಂತಾದ ಬಿಡದ ಕಾಯಿಲೆಗಳಿರುವ ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳ ಮನಸ್ಸಿಗೆ ಕೊರೊನಾ ಕಾಲದಲ್ಲಿ ಏನಾಯಿತು, ಅದರಲ್ಲಿ ಎಷ್ಟು ಇಂದಿಗೂ ಉಳಿದಿದೆ, ಅದಕ್ಕೆ ಒಂದು ಹಾಲಿನ ಸಂಘ ಏನು ಮಾಡಬಹುದು ಎಂಬುದನ್ನು ಹೇಳಬೇಕೆಂದಿದ್ದೇನೆ.

ದನದ ಡಾಕ್ಟರಿಗೆ ಈ ವಿಷಯ ಏಕೆ ಎಂದು ಹಿಂದಿನ ಸಾಲಿನಲ್ಲಿ ಕೆಲವರು ಮುಗುಳ್ನಗುತ್ತಿರುವುದು ಕಾಣುತ್ತಿದೆ. ಮನುಷ್ಯರಿಗೆ ಔಷಧಿ ಬರೆಯುವ ಅಧಿಕಾರ ನನಗಿಲ್ಲ, ಬರೆಯುವುದೂ ಇಲ್ಲ. ಆದರೆ ವರ್ಷವಿಡೀ ನಿಮ್ಮ ಹಿತ್ತಿಲ ಬಾಗಿಲಿನಿಂದ ಒಳಗೆ ಬರುವ ಸರ್ಕಾರಿ ಮನುಷ್ಯರು ಯಾರು? ಆಶಾ ಕಾರ್ಯಕರ್ತೆ ಬಿಟ್ಟರೆ ನಾವೇ. ಹಸುವಿನ ಹಗ್ಗ ಹಿಡಿದು ನಿಲ್ಲುವವರು ಹೆಚ್ಚಾಗಿ ಮನೆಯ ಹಿರಿಯ ತಾಯಿ. ಇಂಜೆಕ್ಷನ್ ಕೊಟ್ಟು ಕೈ ತೊಳೆಯುವಷ್ಟು ಹೊತ್ತಿನಲ್ಲಿ ಅವರು ಆಡುವ ಎರಡು ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. 2020ರ ನಂತರ ಆ ಮಾತು ಬದಲಾಯಿತು.

ಮೊದಲು ಕಾಲಾನುಕ್ರಮವನ್ನು ಸ್ವಲ್ಪ ನೆನಪು ಮಾಡಿಕೊಳ್ಳೋಣ. 2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಅದಕ್ಕೂ ಮುಂಚೆ, ಅದೇ ಮಾರ್ಚ್ 10ರಂದು, ದೇಶದ ಮೊದಲ ಕೊರೊನಾ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲೇ ಆಗಿತ್ತು. ತೀರಿಕೊಂಡವರು 76 ವರ್ಷದ ಹಿರಿಯರು. ಟಿ.ವಿ.ಯಲ್ಲಿ ಆ ದಿನದಿಂದ ಒಂದೇ ಮಾತು: ವಯಸ್ಸಾದವರಿಗೆ ಅಪಾಯ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ. ಮಾತು ನಿಜವೇ. ಆದರೆ ದಿನಕ್ಕೆ ಐವತ್ತು ಸಲ ತನ್ನ ವಯಸ್ಸು, ತನ್ನ ಕಾಯಿಲೆಯ ಹೆಸರು ಹಿಡಿದು ಸಾವಿನ ಲೆಕ್ಕ ಓದುವುದನ್ನು ಕೇಳಿ ಕುಳಿತವರ ಎದೆ ಏನಾಗಬೇಕು?

ನಮ್ಮ ಹಾಸನ ಜಿಲ್ಲೆ ಮೊದಲು ಹಸಿರು ವಲಯದಲ್ಲಿತ್ತು. ಮೇ ಎರಡನೆಯ ವಾರದವರೆಗೆ ಒಂದು ಪ್ರಕರಣವೂ ಇರಲಿಲ್ಲ. ಆಮೇಲೆ ಮೊದಲು ಕಾಣಿಸಿದ್ದು ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿ ಬಂದವರಲ್ಲಿ. ಆ ತಾಲ್ಲೂಕಿನಿಂದ ಮುಂಬಯಿಗೆ ದುಡಿಯಲು ಹೋದ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಅಂಥ ಮನೆಯ ತಾಯಿಯ ಸ್ಥಿತಿಯನ್ನು ಯೋಚಿಸಿ. ಎರಡು ತಿಂಗಳಿಂದ ಮಗ ಹೇಗಿದ್ದಾನೋ ಎಂದು ಕಾಯುತ್ತಿದ್ದಳು. ಮಗ ಬಂದ; ಬಂದವನನ್ನು ಹಾಸ್ಟೆಲಿನಲ್ಲಿ ಕ್ವಾರಂಟೈನ್ ಇಟ್ಟರು. ಊರಿನವರು "ನಿಮ್ಮ ಮನೆಯಿಂದಲೇ ಕಾಯಿಲೆ ಬಂತು" ಎಂದರು. ಮಗ ಬಂದದ್ದಕ್ಕೆ ಸಂತೋಷಪಡುವ ಹಕ್ಕೂ ಆಕೆಗೆ ಇಲ್ಲದಂತಾಯಿತು. ಒಬ್ಬ ತಾಯಿ ನನಗೆ ಹೇಳಿದ್ದು: "ನಮ್ಮ ಹಾಲಿನ ಕ್ಯಾನು ಕಂಡ್ರೆ ದೂರ ಸರೀತಾರೆ ಡಾಕ್ಟ್ರೇ. ಹಾಲ್ಗೂ ಕೊರೊನಾ ಅಂಟ್ಕಂಡಿರ್ತದಾ?" ಹಸುವಿನಿಂದ ಕೊರೊನಾ ಬರುತ್ತದೆಯೇ ಎಂದು ಆಗ ನನ್ನನ್ನು ಕೇಳದವರೇ ಇಲ್ಲ. ಕರುಗಳಿಗೆ ಭೇದಿ ಮಾಡುವ ದನದ ಕೊರೊನಾ ವೈರಸ್ ಬೇರೆ, ಇದು ಬೇರೆ ಎಂದು ಹೇಳಿ ಹೇಳಿ ಸಾಕಾಯಿತು.

2021ರ ಎರಡನೆಯ ಅಲೆ ಇನ್ನೂ ಕಠಿಣವಾಗಿತ್ತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧ, ಮೇ 10ರಿಂದ ಇನ್ನಷ್ಟು ಬಿಗಿ. ಜೂನ್ 14ರಂದು ಬೇರೆ ಜಿಲ್ಲೆಗಳಿಗೆ ಸಡಿಲ ಮಾಡಿದಾಗಲೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಬೀಗ ಮುಂದುವರಿಯಿತು. ಹಾಸನ ಅದರಲ್ಲಿ ಒಂದು. ಆ ಎರಡು ತಿಂಗಳಲ್ಲಿ ಹಳ್ಳಿ ಹಳ್ಳಿಯಲ್ಲಿ ಸಾವಾಯಿತು. ಮಣ್ಣಿಗೆ ಹೋಗುವಂತಿಲ್ಲ, ತಿಥಿಗೆ ನೆಂಟರನ್ನು ಕರೆಯುವಂತಿಲ್ಲ. ಐವತ್ತು ವರ್ಷ ಒಟ್ಟಿಗೆ ಕಳೆ ಕಿತ್ತ ಗೆಳತಿ ಸತ್ತಾಗ ಮುಖ ನೋಡಲಾಗದೆ ಉಳಿದ ಮುದುಕಿಯರಿದ್ದಾರೆ. ನಮ್ಮಲ್ಲಿ ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದಿದೆ. ಅದು ಸುಮ್ಮನೆ ಬಂದ ಪದ್ಧತಿಯಲ್ಲ, ದುಃಖ ಹೊರಗೆ ಹೋಗಲು ದಾರಿ. ಆ ದಾರಿ ಮುಚ್ಚಿತು. 2020ರಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಕೂಡ ಸಾರ್ವಜನಿಕರಿಗೆ ಎಂದಿನಂತೆ ದರ್ಶನವಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಹರಕೆ ಸಲ್ಲಿಸಿ ಬರುವವರಿಗೆ ಇದು ಚಿಕ್ಕ ವಿಷಯವಲ್ಲ.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಆದದ್ದು. ಈಗ ನಮ್ಮ ಹಾಲಿನ ಮನೆಗಳಿಗೇ ವಿಶೇಷವಾದ ಒಂದು ಸಂಗತಿಗೆ ಬರುತ್ತೇನೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ.

ಲಾಕ್‌ಡೌನಿನಲ್ಲಿ ಬಸ್ಸು ನಿಂತಿತು, ಸಂತೆ ನಿಂತಿತು, ಶಾಲೆ ಮುಚ್ಚಿತು. ಹಾಲಿನ ಸಂಘ ಮುಚ್ಚಲಿಲ್ಲ. ಹಾಲು ಅಗತ್ಯ ವಸ್ತು. ಡೈರಿಯ ಮುಂದೆ ಸುಣ್ಣದಲ್ಲಿ ವೃತ್ತ ಬರೆದು, ಬಾಯಿಗೆ ಮಾಸ್ಕು ಕಟ್ಟಿಕೊಂಡು, ಎರಡು ಹೊತ್ತೂ ಹಾಲು ಅಳೆದಿರಿ. ಹೋಟೆಲು, ಮದುವೆ ನಿಂತು ಹಾಲು ಮಿಕ್ಕಾಗ ಸರ್ಕಾರ ಅದನ್ನು ಕೊಂಡು ಪಟ್ಟಣಗಳ ಬಡವರಿಗೆ ಹಂಚಿತು. ಇದೆಲ್ಲ ಹೆಮ್ಮೆಯ ಕೆಲಸವೇ. ಆದರೆ ಆ ಸಾಲಿನಲ್ಲಿ ಒಬ್ಬರು ಕಾಣೆಯಾದರು. ಅಲ್ಲಿಯವರೆಗೆ ದಿನಕ್ಕೆರಡು ಸಲ ಹಾಲು ತರುತ್ತಿದ್ದ ಮನೆಯ ಹಿರಿಯ ತಾಯಿ. "ನಿಂಗೆ ಶುಗರ್ ಐತೆ, ಹೊರಗೆ ಬರಬೇಡ ಕಣವ್ವ, ನಾನೇ ಹಾಕಿ ಬತ್ತೀನಿ" ಎಂದು ಮಗ ಕ್ಯಾನು ಕಿತ್ತುಕೊಂಡ. ಪ್ರೀತಿಯಿಂದಲೇ ಮಾಡಿದ. ಆ ಹೊತ್ತಿಗೆ ಅದು ಸರಿಯಾದ ಕೆಲಸವೂ ಹೌದು.

ಆದರೆ ಆ ಕ್ಯಾನಿನ ಜೊತೆ ಏನೇನು ಹೋಯಿತು ಎಂದು ಲೆಕ್ಕ ಹಾಕಿದವರಿಲ್ಲ. ಬೆಳಿಗ್ಗೆ ಆರಕ್ಕೆ, ಸಂಜೆ ಐದಕ್ಕೆ ಎರಡು ಫರ್ಲಾಂಗು ನಡಿಗೆ ಹೋಯಿತು. ಅದು ಸಕ್ಕರೆ ಕಾಯಿಲೆಗೂ ಮಂಡಿಗೂ ಔಷಧಿಯಾಗಿತ್ತು. ಫ್ಯಾಟು ಬರುವವರೆಗೆ ನಿಂತು ಆಡುತ್ತಿದ್ದ ಮಾತು ಹೋಯಿತು. ಯಾರ ಮಗಳು ಬಾಣಂತನಕ್ಕೆ ಬಂದಳು, ಯಾರ ಹಸು ಗಬ್ಬವಾಯಿತು ಎಂಬ ಸುದ್ದಿ ಅಲ್ಲಿಯೇ ಸಿಗುತ್ತಿತ್ತು. ತೋಟದ ಮನೆಯಲ್ಲಿ ಒಂಟಿಯಾಗಿರುವ ಹೆಂಗಸಿಗೆ ಡೈರಿಯ ಕಟ್ಟೆ ಬಿಟ್ಟರೆ ಬೇರೆ ಮಂದಿ ಎಲ್ಲಿದೆ? ಹಾಲಿನ ದುಡ್ಡು ಹೋಯಿತು. ಬಟವಾಡೆಯ ದಿನ ಮೊಮ್ಮಗುವಿಗೆ ಹತ್ತು ರೂಪಾಯಿ ಕೊಡುವ ಕೈ ಅದು. ಎಲ್ಲಕ್ಕಿಂತ ಹೆಚ್ಚಾಗಿ, ತಾನು ಈ ಮನೆಗೆ ಬೇಕಾದವಳು ಎಂಬ ಭಾವನೆ ಹೋಯಿತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಸಾಲಿನಲ್ಲಿ ಸುಣ್ಣದ ವೃತ್ತ ಅಳಿಸಿ ವರ್ಷಗಳಾದವು. ಕ್ಯಾನು ಮಾತ್ರ ಅವ್ವನ ಕೈಗೆ ಮರಳಿ ಬರಲಿಲ್ಲ. ಮಗ ಬೈಕಿನಲ್ಲಿ ಎರಡು ನಿಮಿಷಕ್ಕೆ ಹಾಕಿ ಬರುತ್ತಾನೆ, ಕೆಲವು ಕಡೆ ಹಾಲು ಕರೆಯುವ ಯಂತ್ರ ಬಂತು, ಕೆಲವು ಕಡೆ 2022ರ ಚರ್ಮಗಂಟು ರೋಗದಲ್ಲಿ ಹಸುವೇ ಹೋಯಿತು. ಕೊರೊನಾ ಕಾಲಕ್ಕೆಂದು ಕಟ್ಟಿದ ಬೇಲಿ ಹಾಗೆಯೇ ಉಳಿದುಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ರೋಗ ಮಾಡಿದ ಹಾನಿಗಿಂತ ಈ ಉಳಿದ ಬೇಲಿ ಮಾಡುತ್ತಿರುವ ಹಾನಿ ಹೆಚ್ಚು.

ಅರಕಲಗೂಡು ತಾಲ್ಲೂಕಿನ ಒಂದು ಮನೆಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ತಾಯಿ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯಿಡೀ ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದ ಗಟ್ಟಿಗಿತ್ತಿ. ಲಾಕ್‌ಡೌನಿನಲ್ಲಿ ಹಾಸನಕ್ಕೆ ಹೋಗಿ ಮಾತ್ರೆ ತರಲು ಬಸ್ಸಿಲ್ಲ. ಸಾರಿಗೆ ಬಸ್ಸು ಮತ್ತೆ ಓಡಿದ್ದು 2020ರ ಮೇ 19ರಿಂದ. ಬಸ್ಸು ಬಂದ ಮೇಲೆ ಆಸ್ಪತ್ರೆಗೆ ಹೋದರೆ ಕೊರೊನಾ ಅಂಟುತ್ತದೆಂಬ ಭಯ. ಇದ್ದ ಮಾತ್ರೆಯನ್ನು ದಿನಕ್ಕೆ ಎರಡರ ಬದಲು ಒಂದು ಮಾಡಿಕೊಂಡರು, ಆಮೇಲೆ ಅದೂ ಇಲ್ಲ. ಸಕ್ಕರೆ ಏರಿತು, ನಿದ್ದೆ ಹೋಯಿತು, ಊಟ ಸೇರದಾಯಿತು. ನಾನು ಕರುವಿಗೆ ಜಂತಿನ ಔಷಧಿ ಕುಡಿಸಲು ಹೋದಾಗ ಗೋಡೆಗೆ ಒರಗಿ ಕುಳಿತಿದ್ದರು. "ಏನವ್ವ, ಹುಷಾರಿಲ್ವಾ?" ಎಂದೆ. "ನಂದೇನೈತೆ ಬುಡಿ ಸಾರ್. ಇದ್ರೂ ಆಯ್ತು, ಹೋದ್ರೂ ಆಯ್ತು" ಎಂದರು. ಸೊಸೆ ಒಳಗಿನಿಂದ, "ವಯಸ್ಸಾಯ್ತಲ್ಲ ಸಾರ್, ಹಂಗೇ" ಎಂದಳು. ಆ ಸೊಸೆ ಕೆಟ್ಟವಳಲ್ಲ, ಅತ್ತೆಗೆ ದಿನಾ ಕಾಲು ಒತ್ತುವವಳು. ಆದರೆ "ವಯಸ್ಸಾಯ್ತು" ಎಂಬುದು ಕಾಯಿಲೆಯ ಹೆಸರಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ.

ಹಸು ಮೆಲುಕು ಹಾಕುತ್ತಿಲ್ಲವೆಂದರೆ ನೀವು ನನಗೆ ರಾತ್ರಿ ಹನ್ನೊಂದಕ್ಕೆ ಫೋನು ಮಾಡುತ್ತೀರಿ. ಹಾಲು ಅರ್ಧ ಲೀಟರ್ ಇಳಿದರೆ ಮರುದಿನವೇ ಕಾರಣ ಹುಡುಕುತ್ತೀರಿ. ತಾಯಿ ಒಂದು ತಿಂಗಳಿಂದ ಅರ್ಧ ಮುದ್ದೆ ಬಿಡುತ್ತಿದ್ದರೆ ಅದನ್ನು ನಾಯಿಗೆ ಹಾಕಿ ಸುಮ್ಮನಾಗುತ್ತೇವೆ. ಬೈಯುತ್ತಿಲ್ಲ, ಹಸುವನ್ನು ನೋಡುವ ಕಣ್ಣು ನಿಮಗೆ ಚೆನ್ನಾಗಿದೆ, ಅದೇ ಕಣ್ಣನ್ನು ಸ್ವಲ್ಪ ಒಳಮನೆಯ ಕಡೆಗೂ ತಿರುಗಿಸಿ ಎನ್ನುತ್ತಿದ್ದೇನೆ.

ಮನಸ್ಸು ಮತ್ತು ದೇಹ ಬೇರೆ ಬೇರೆಯಲ್ಲ ಎಂಬುದನ್ನು ಹಾಲು ಕರೆಯುವವರಿಗೆ ವಿವರಿಸಬೇಕಾಗಿಲ್ಲ. ಹೊಸಬರು ಕೆಚ್ಚಲಿಗೆ ಕೈ ಹಾಕಿದರೆ, ನಾಯಿ ಬೊಗಳಿದರೆ, ಹಸು ಸೊರೆ ಬಿಡುವುದಿಲ್ಲ. ಹೆದರಿಕೆಯಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ, ಸೊರೆ ಬಿಡಿಸುವ ಆಕ್ಸಿಟೋಸಿನ್ ಕೆಲಸವನ್ನು ತಡೆಯುತ್ತದೆ. ಹಾಲು ಕೆಚ್ಚಲಲ್ಲೇ ಇದೆ, ಇಳಿಯುವುದಿಲ್ಲ. ಮನುಷ್ಯರಲ್ಲಿಯೂ ಬಹುದಿನದ ಆತಂಕದಿಂದ ಇಂಥ ರಸಗಳೇ ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಏರಿಸುತ್ತವೆ. ಸಕ್ಕರೆ ಏರಿದರೆ ಸುಸ್ತು, ಸುಸ್ತಾದರೆ ಬೇಸರ, ಬೇಸರವಾದರೆ ಮಾತ್ರೆಯೂ ಬೇಡ, ನಡಿಗೆಯೂ ಬೇಡ. ಸಕ್ಕರೆ ಇನ್ನೂ ಏರುತ್ತದೆ. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಖಿನ್ನತೆ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿರುವ ಮಾತು.

ಇನ್ನೊಂದು ಹೋಲಿಕೆ. ಕರು ಹಾಕಿದ ಹೆಚ್ಚು ಹಾಲಿನ ಹಸುವಿಗೆ ಕೀಟೋಸಿಸ್ ಬಂದು ರಕ್ತದ ಸಕ್ಕರೆ ಇಳಿದಾಗ ಕೆಲವು ಹಸುಗಳು ಹುಚ್ಚು ಹಿಡಿದಂತೆ ಗೋದಲಿ ನೆಕ್ಕುತ್ತವೆ, ತೂರಾಡುತ್ತವೆ. ಗಾಳಿ ಸೋಕಿದೆ ಎಂದು ಮಂತ್ರ ಹಾಕಿಸಿದವರೂ ಇದ್ದಾರೆ, ಗ್ಲೂಕೋಸ್ ಏರಿಸಿದ ಅರ್ಧ ಗಂಟೆಗೆ ಎದ್ದು ನಿಂತ ಹಸುವನ್ನು ನೋಡಿದವರೂ ಇದ್ದಾರೆ. ವಯಸ್ಸಾದವರಲ್ಲೂ ಹಾಗೆಯೇ. ನಿನ್ನೆಯವರೆಗೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ತೊದಲಿದರೆ, ಮಕ್ಕಳ ಗುರುತು ತಪ್ಪಿದರೆ, ಅದನ್ನು ಮನಸ್ಸಿನ ಕಾಯಿಲೆಯೆಂದೋ ಗಾಳಿಯೆಂದೋ ತಿಳಿಯಬೇಡಿ. ಸಕ್ಕರೆ ಇಳಿದಿರಬಹುದು, ಮೂತ್ರದ ಸೋಂಕಿರಬಹುದು, ಲಕ್ವ ಹೊಡೆದಿರಬಹುದು. ಆಗ ಕಾಯದೆ 108 ಆಂಬುಲೆನ್ಸ್ ಕರೆಯಿರಿ. ನಿಧಾನವಾಗಿ ಮಂಕಾಗುವುದಕ್ಕೂ ಕೆಲವೊಮ್ಮೆ ದೇಹವೇ ಕಾರಣ. ಥೈರಾಯ್ಡ್ ಕಡಿಮೆಯಾದರೆ, ರಕ್ತ ಕಡಿಮೆಯಾದರೆ, ಬಿ-12 ಕಡಿಮೆಯಾದರೆ ಮನಸ್ಸು ಕುಗ್ಗುತ್ತದೆ, ಮರೆವು ಬರುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿ ಬಿ-12 ಇಳಿಯುವುದುಂಟು. ಹಾಗೆಂದು ಮಾತ್ರೆ ನಿಲ್ಲಿಸಬೇಡಿ. ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರನ್ನು ಕೇಳಿ.

ಖಿನ್ನತೆಯನ್ನು ಗುರುತಿಸುವುದು ಹೇಗೆ? ನಮ್ಮ ತಾಯಂದಿರು "ನನಗೆ ಬೇಸರವಾಗಿದೆ" ಎಂದು ಹೇಳುವುದಿಲ್ಲ. ಮೈಕೈ ನೋವು, ತಲೆ ಸುತ್ತು, ಎದೆ ಡವಡವ, ಹೊಟ್ಟೆ ಉರಿ ಎನ್ನುತ್ತಾರೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎನ್ನುತ್ತಾರೆ. ನಸುಕಿನ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ. ತಲೆ ಬಾಚುವುದು ಬಿಡುತ್ತಾರೆ. ಕರು ಹುಟ್ಟಿದರೂ ಎದ್ದು ನೋಡಲು ಬರುವುದಿಲ್ಲ. ಎರಡು ಪ್ರಶ್ನೆ ಸಾಕು: ಮೊದಲು ಇಷ್ಟವಾಗುತ್ತಿದ್ದ ಕೆಲಸದಲ್ಲಿ ಈಗ ಆಸೆ ಇಲ್ಲವೇ? ಮನಸ್ಸು ದಿನವೆಲ್ಲ ಕುಗ್ಗಿದಂತಿದೆಯೇ? ಎರಡು ವಾರದಿಂದ ಹೆಚ್ಚಿನ ದಿನಗಳಲ್ಲಿ ಹೀಗಿದ್ದರೆ ತೋರಿಸಲೇಬೇಕು.

"ಸತ್ತರೆ ಸಾಕು" ಎಂಬ ಮಾತನ್ನು ಮುದುಕರ ಗೊಣಗಾಟವೆಂದು ತಳ್ಳಿಬಿಡಬೇಡಿ. "ಅವ್ವ, ಪ್ರಾಣ ಕಳಕೊಳ್ಳೋ ಯೋಚನೆ ಏನಾದ್ರೂ ಬತ್ತದಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು, ಕೇಳಿದರೆ ಹಗುರಾಗುತ್ತಾರೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಮನೆಗಳಲ್ಲಿ ಆಲೂಗಡ್ಡೆ, ಹೊಗೆಸೊಪ್ಪಿಗೆ ಹೊಡೆಯುವ ಔಷಧಿ, ಉಣ್ಣೆಗೆ ಹಚ್ಚುವ ಔಷಧಿ ಕೊಟ್ಟಿಗೆಯ ಮೂಲೆಯಲ್ಲೇ ಇರುತ್ತದೆ. ಅವುಗಳನ್ನು ಇವತ್ತೇ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ. ಇದು ಮಕ್ಕಳಿರುವ ಮನೆಗೂ ಒಳ್ಳೆಯದು.

ಎಲ್ಲಿಗೆ ಹೋಗುವುದು? ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿ ಆಗಿದೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಉಚಿತ ದೂರವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಹಿರಿಯರಿಗೆಂದೇ ಇರುವ ಸಹಾಯವಾಣಿ 14567. ಈ ಎರಡು ಸಂಖ್ಯೆಗಳನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿಸಿ ಎಂದು ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳುತ್ತೇನೆ. ಖಿನ್ನತೆಗೆ ಮಾತ್ರೆ ಇದೆ, ಕೆಲಸ ಮಾಡಲು ಕೆಲವು ವಾರ ಬೇಕು, ವೈದ್ಯರು ಹೇಳದೆ ನಿಲ್ಲಿಸಬಾರದು. ಹುಚ್ಚಿನ ಮಾತ್ರೆ ಎಂದು ಹೆದರುವವರಿಗೆ ನಾನು ಹೇಳುವುದಿಷ್ಟು: ಬಿ.ಪಿ. ಮಾತ್ರೆಗೆ ಇಲ್ಲದ ನಾಚಿಕೆ ಇದಕ್ಕೇಕೆ?

ಯಶಸ್ವಿನಿಯ ಬಗ್ಗೆಯೂ ಒಂದು ಮಾತು. ಸಹಕಾರಿಗಳಿಗೆಂದು 2003ರಲ್ಲಿ ಜಾರಿಗೆ ಬಂದ ಈ ಯೋಜನೆ 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಅಂದರೆ ಕೊರೊನಾದ ಎರಡೂ ಅಲೆಗಳಲ್ಲಿ, ಬೇಕಾದಾಗಲೇ, ಅದು ನಮಗಿರಲಿಲ್ಲ. ಈಗ ನೋಂದಣಿ ಮಾಡಿಸುವಾಗ ಮನೆಯ ಹಿರಿಯ ಹೆಂಗಸಿನ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಬಿಟ್ಟುಹೋಗಿರುವುದನ್ನು ಕಂಡಿದ್ದೇನೆ.

ಹೊಳೆನರಸೀಪುರ ತಾಲ್ಲೂಕಿನ ಒಂದು ಮನೆಯಲ್ಲಿ ಉಬ್ಬಸವಿರುವ ಅತ್ತೆಗೆ ಸೊಸೆ ಉಪಾಯವಾಗಿ ಒಂದು ಕೆಲಸ ಮಾಡಿದಳು. ಸೀಮೆಹಸುಗಳ ಹಾಲನ್ನು ಗಂಡ ಬೈಕಿನಲ್ಲಿ ಹಾಕುತ್ತಾನೆ. ಒಂದು ನಾಟಿ ಹಸುವಿನ ಎರಡು ಲೀಟರ್ ಹಾಲನ್ನು ಮಾತ್ರ ಅತ್ತೆಗೇ ಬಿಟ್ಟರು. ಮೇವು, ಹಾಲು, ದುಡ್ಡು ಎಲ್ಲ ಅತ್ತೆಯದೇ. ಮೊದಲ ವಾರ ಆಕೆ ಗೊಣಗಿದರಂತೆ. ನಾನು ಕಳೆದ ಸಲ ಹೋದಾಗ ನನಗೇ ಬೈದರು, "ನಿಮ್ಮ ಡೈರಿ ಫ್ಯಾಟು ಸರಿಯಾಗಿ ತೋರ್ಸಲ್ಲ" ಎಂದು. ಬೈಯುವಷ್ಟು ಜೀವ ಬಂದಿತ್ತಲ್ಲ, ಅದೇ ನನಗೆ ಸಂತೋಷ. ಗೃಹಲಕ್ಷ್ಮಿಯ ಎರಡು ಸಾವಿರ 2023ರಿಂದ ಬರುತ್ತಿದೆ, ಅದು ಅತ್ತೆಗೋ ಸೊಸೆಗೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಆದರೆ ಕೈಯಲ್ಲಿ ಸ್ವಂತದ ನಾಲ್ಕು ಕಾಸು, ದಿನಕ್ಕೊಂದು ಸ್ವಂತದ ಕೆಲಸ, ಇವೆರಡೂ ಹಿರಿಯರಿಗೆ ಬೇಕು. ಮಂಡಿ ಸಾಗದವರಿಗೆ ಹಿಂಡಿ ನೆನೆಹಾಕುವುದು, ಕರುವಿಗೆ ಹಾಲು ಕುಡಿಸುವುದು, ಗಬ್ಬ ಕಟ್ಟಿಸಿದ ದಿನಾಂಕ ನೆನಪಿಡುವುದು ಕೊಡಿ. ಕೊನೆಯದರಲ್ಲಂತೂ ಅವರು ನಮ್ಮ ಕಾರ್ಡಿಗಿಂತ ನಿಖರ.

ಇನ್ನೊಂದು ಎಚ್ಚರಿಕೆ. 2025ರ ಮೇ, ಜೂನ್ ತಿಂಗಳಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಮತ್ತೆ ಅದೇ ಆಯಿತು. ಎದೆ ಡವಡವ ಎನ್ನುವ ಹಿರಿಯರಿಗೆ ಊಟ ನಿದ್ದೆ ಇಲ್ಲ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು. ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿ, ಸಾವುಗಳಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದು ಹೇಳಿತು. ಎದೆನೋವು ಬಂದರೆ ತಡಮಾಡದೆ ಹೋಗಬೇಕು, ಅದು ಬೇರೆ ಮಾತು. ಆದರೆ ಬೆಳಗಿನಿಂದ ರಾತ್ರಿವರೆಗೆ ಮೊಬೈಲಿನಲ್ಲಿ ಸಾವಿನ ಸುದ್ದಿಯನ್ನು ಜೋರಾಗಿ ಹಾಕಿ ಅವ್ವನ ಮಂಚದ ಪಕ್ಕ ಕೂರಬೇಡಿ.

ಕಡೆಯದಾಗಿ ಸಂಘಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಹಳೆಯ ಹಾಲಿನ ವಹಿ ತೆಗೆಯಿರಿ. 2020ರ ಫೆಬ್ರವರಿಯಲ್ಲಿ ಸ್ವತಃ ಬಂದು ಹಾಲು ಹಾಕುತ್ತಿದ್ದ ಅರವತ್ತು ದಾಟಿದ ತಾಯಂದಿರು ಯಾರು, ಅವರಲ್ಲಿ ಈಗ ಬಾರದಿರುವವರು ಯಾರು ಎಂದು ಪಟ್ಟಿ ಮಾಡಿ. ಹಾಲು ಪರೀಕ್ಷಕರಿಗೆ ಹೆಸರು ಬಾಯಿಪಾಠವಿರುತ್ತದೆ. ಬದುಕಿರುವವರ ಮನೆಗೆ ಈ ತಿಂಗಳ ಬಟವಾಡೆಯೊಳಗೆ ನಿರ್ದೇಶಕರಲ್ಲಿ ಒಬ್ಬರು, ಸಾಧ್ಯವಾದರೆ ಮಹಿಳಾ ನಿರ್ದೇಶಕರೇ, ಹೋಗಿ ಕುಳಿತು ಮಾತನಾಡಿಸಿ ಬನ್ನಿ. ಡೈರಿಯ ಮುಂದೆ ಕಟ್ಟೆ ಇಲ್ಲದ ಕಡೆ ಒಂದು ಕಲ್ಲುಬೆಂಚು ಹಾಕಿಸಿ, ಮಂಡಿ ನೋವಿನವರು ನಿಂತು ಕಾಯಲಾರರು. ಪಟ್ಟಿಯನ್ನು ನನಗೆ ತೋರಿಸಿದರೆ, ನಾನು ಆ ಊರಿನ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದಾಗ ಆ ಮನೆಗಳಿಗೂ ಹೋಗಿ ಬರುತ್ತೇನೆ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರ ಮುಂದೆ ಕೇಳಲು ಸಂಕೋಚವಾದವರು ಊಟದ ಹೊತ್ತಿನಲ್ಲಿ ಸಿಗಿ, ನಾನು ಸಂಜೆಯ ಹಾಲಿನವರೆಗೂ ಇಲ್ಲಿಯೇ ಇರುತ್ತೇನೆ.